ಭಾಗ 4: ‘ಮೋಷನ್ ಸರಿಯಾಗಿ ಆಗುತ್ತೇನಮ್ಮ?’

ಇಂಟರ್ನಲ್ಸ್ ಮಧ್ಯೆ ಯಾಕೆ ಎದ್ದು ಹೋದೆ ಅಂತ ತುಂಬಾ ಜನ ಕೇಳಿದ್ರಿ. ಹೇಳ್ತೀನಿ. ನಗೋರು ಈಗಲೇ ನಕ್ಕುಬಿಡಿ.

ನನಗೆ ಮಲಬದ್ಧತೆ. ಒಂದೂವರೆ ವರ್ಷದಿಂದ. ಹಾಸ್ಟೆಲಲ್ಲಿ ನಮ್ಮ ಫ್ಲೋರಿಗೆ ಎರಡೇ ಟಾಯ್ಲೆಟ್. ಬೆಳಿಗ್ಗೆ ಕ್ಯೂ, ಒಳಗೆ ಹೋದ ತಕ್ಷಣ ಬಾಗಿಲು ಬಡಿಯೋದು. ಆಮೇಲೆ ಹೋದ್ರಾಯ್ತು ಅಂತ ತಡ್ಕೊಂಡೆ. ತಡ್ಕೊಂಡು ತಡ್ಕೊಂಡು, ವಾರಕ್ಕೆ ಎರಡು ಸಲ ಆದ್ರೆ ಪುಣ್ಯ ಅನ್ನೋ ಹಾಗಾಯ್ತು. ಹೊಟ್ಟೆನೋವು ಬೇರೆ. ಹೋಗಿ ಬಂದ್ರೆ ನೋವು ಸ್ವಲ್ಪ ಕಮ್ಮಿ ಆಗ್ತಿತ್ತು. ಅದೇ ದೊಡ್ಡ ಸುಳಿವು ಅಂತ ಆಗ ಗೊತ್ತಿರಲಿಲ್ಲ.

ಮೊದಲ ಸಲ ಡಾಕ್ಟರ್ ಹತ್ರ ಹೋದಾಗ ಪಕ್ಕದಲ್ಲಿ ಅಪ್ಪ ಕೂತಿದ್ರು. ನಾಚಿಕೆಗೆ ‘ಗ್ಯಾಸ್’ ಅಂದೆ. ಗ್ಯಾಸ್ ಮಾತ್ರೆ ಕೊಟ್ರು. ಎಂಟ್ರಿಯೇ ತಪ್ಪು ಬರೆದ್ರೆ ಬ್ಯಾಲೆನ್ಸ್ ಶೀಟ್ ಎಲ್ಲಿಂದ ಟ್ಯಾಲಿ ಆಗುತ್ತೆ?

ಎರಡನೇ ಸಲ ಅಮ್ಮನ ಜೊತೆ ಹೋದೆ. ಆ ಮೇಡಂ ನೇರವಾಗಿ ಕೇಳಿದ್ರು, “ಮೋಷನ್ ಸರಿಯಾಗಿ ಆಗುತ್ತೇನಮ್ಮ?” ಆಮೇಲೆ ಒಂದು ಚಿತ್ರ ತೋರಿಸಿದ್ರು. ಬ್ರಿಸ್ಟಲ್ ಚಾರ್ಟ್, ಅದರಲ್ಲಿ 7 ಬಗೆ. ನಾನು 1ರ ಮೇಲೆ ಬೆರಳಿಟ್ಟೆ. ಆಡಿನ ಹಿಕ್ಕೆ ಥರದ್ದು.

ನೋವು ಶುರುವಾಗಿ 6 ತಿಂಗಳಾದ್ರೂ ಆಗಿದೆಯಾ, ಕಳೆದ 3 ತಿಂಗಳಲ್ಲಿ ವಾರಕ್ಕೆ ಒಂದು ದಿನವಾದ್ರೂ ಬರುತ್ತಾ, ಮೋಷನ್ ಆದಾಗ ಹೆಚ್ಚು-ಕಮ್ಮಿ ಆಗುತ್ತಾ, ಎಲ್ಲ ಕೇಳಿ, ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿ, ಐಬಿಎಸ್ ಅಂದ್ರು. ಅದನ್ನ ತೋರಿಸೋ ಸ್ಕ್ಯಾನ್ ಇಲ್ಲವಂತೆ. ನಾವು ಬಾಯಿಬಿಟ್ಟು ಹೇಳೋದೇ ಅರ್ಧ ಟೆಸ್ಟ್. ನಾನು ಮುಚ್ಚಿಟ್ಟಿದ್ದೂ ಅದನ್ನೇ! (ರಕ್ತ ಹೋಗ್ತಿದ್ರೆ, ಸುಮ್ಮಸುಮ್ಮನೆ ತೂಕ ಇಳೀತಿದ್ರೆ, ರಾತ್ರಿ ನೋವಿಗೆ ಎಚ್ಚರ ಆಗ್ತಿದ್ರೆ ಐಬಿಎಸ್ ಅಂತ ನೀವೇ ತೀರ್ಮಾನ ಮಾಡ್ಬೇಡಿ. ಬೇಗ ತೋರಿಸಿ.)

ಔಷಧಿ ಅಂದ್ರೆ ಕರುಳಲ್ಲಿ ನೀರು ಹಿಡಿದಿಡೋ ಒಂದು ಪುಡಿ, ಕೆಲವು ವಾರ. ಜೊತೆಗೆ ಇಸಬಗೋಲು, ತುಂಬಾ ನೀರಲ್ಲಿ. ನಾನು ಹುಮ್ಮಸ್ಸಲ್ಲಿ ಮೊದಲ ದಿನವೇ ಎರಡು ದೊಡ್ಡ ಚಮಚ ಹಾಕ್ಕೊಂಡು ಹೊಟ್ಟೆ ತಮಟೆ ಮಾಡ್ಕೊಂಡೆ. ಸ್ವಲ್ಪದಿಂದ ಶುರು ಮಾಡಿ ನಿಧಾನಕ್ಕೆ ಹೆಚ್ಚಿಸ್ಬೇಕಿತ್ತು. ಇನ್ನೊಂದು, ತಿಂಡಿ ತಿಂದ ಮೇಲೆ ಕರುಳು ತಾನಾಗೇ ಚುರುಕಾಗುತ್ತೆ, ಆಗ ಹೋಗಿ ಹತ್ತು ನಿಮಿಷ ಕೂರು, ಮುಕ್ಕಬೇಡ, ಫೋನ್ ಬೇಡ ಅಂದಿದ್ರು. ಕಮೋಡ್ ಆದ್ರೆ ಕಾಲ ಕೆಳಗೆ ಚಿಕ್ಕ ಸ್ಟೂಲ್. ನಾನು ಬಕೆಟ್ ಬೋರಲು ಹಾಕ್ತೀನಿ.

ಪೂರ್ತಿ ಹೋಗಿಲ್ಲ. ಪರೀಕ್ಷೆ ಬಂದ್ರೆ ನೋವೂ ಬರುತ್ತೆ. ಆದ್ರೆ ನಿನ್ನೆ ಬೆಳಿಗ್ಗೆ ಯಾರೋ ಬಾಗಿಲು ಬಡಿದಾಗ ಒಳಗಿಂದಲೇ ಕೂಗಿದೆ, “ಇನ್ನೂ ಐದು ನಿಮಿಷ ಆಗುತ್ತೆ ಕಣೇ!”