ಫಣಿಯಮ್ಮ ಎಲ್ಲಿಗೆ ಹೋದಳು?

ಹೋದ ಬೇಸಿಗೆ ರಜೆಯಲ್ಲಿ ಮಗಳ ಜೊತೆ ಅವಳು ಪಿಎಚ್.ಡಿ. ಮಾಡುತ್ತಿರುವ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿದ್ದೆ. 1991ರಲ್ಲಿ ಬಿ.ಎಡ್. ಓದುವಾಗ ನಾನು ದಿನವೂ ಹತ್ತಿ ಇಳಿದ ಮೆಟ್ಟಿಲುಗಳೇ ಅವು. ಮೆಟ್ಟಿಲು ಹಾಗೇ ಇವೆ. ನನ್ನ ಮಂಡಿ ಮಾತ್ರ ಹಾಗಿಲ್ಲ.

ಒಳಗೆ ಕಾಲಿಟ್ಟವಳೇ ಮರದ ಡ್ರಾಯರುಗಳಿಗಾಗಿ ಕಣ್ಣಾಡಿಸಿದೆ. ನಿಮ್ಮಲ್ಲೂ ಕೆಲವರಿಗೆ ನೆನಪಿರಬಹುದು. ಅಂಚೆ ಕಾರ್ಡಿಗಿಂತ ತುಸು ಚಿಕ್ಕ ಕಾರ್ಡುಗಳು, ಯಾರೂ ಕಿತ್ತೊಯ್ಯದಂತೆ ಕೆಳಗಿನ ತೂತಿನಲ್ಲಿ ತೂರಿಸಿದ ಕಂಬಿ. ಲೇಖಕರ ಹೆಸರಿಗೊಂದು, ಪುಸ್ತಕದ ಹೆಸರಿಗೊಂದು, ವಿಷಯಕ್ಕೊಂದು ಕಾರ್ಡು. ಕನ್ನಡ ಪುಸ್ತಕದ ಕಾರ್ಡನ್ನು ಯಾರೋ ಪುಣ್ಯಾತ್ಮರು ದುಂಡು ಕನ್ನಡ ಅಕ್ಷರದಲ್ಲಿ ಬರೆದಿರುತ್ತಿದ್ದರು.

ಈಗ ಅಲ್ಲಿ ನಾಲ್ಕು ಕಂಪ್ಯೂಟರು. "ಹೆಸರು ಟೈಪ್ ಮಾಡಮ್ಮಾ, ಸೆಕೆಂಡಿನಲ್ಲಿ ಹೇಳತ್ತೆ" ಎಂದಳು ಮಗಳು. ನನಗೆ ಬೇಕಿದ್ದದ್ದು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ನನ್ನ ಅಜ್ಜಿಯ ಅಕ್ಕನೂ ಹಾಗೆಯೇ ಬಾಲವಿಧವೆಯಾಗಿ ಮನೆಯ ಮೂಲೆಯಲ್ಲಿ ಬದುಕು ಸವೆಸಿದವರು. ಅವರು ಬಾಯಿಬಿಟ್ಟು ಹೇಳದ್ದನ್ನು ನನಗೆ ಹೇಳಿದ್ದು ಈ ಗ್ರಂಥಾಲಯದ ಆ ಪುಸ್ತಕ.

'ಫ' ಅಲ್ಲವೇ ಎಂದು ಇಂಗ್ಲಿಷಿನ 'ಎಫ್' ಒತ್ತಿದೆ. ಇಲ್ಲ ಎಂದಿತು. ಕನ್ನಡದಲ್ಲಿ ಒತ್ತಿದೆ. ಆಗಲೂ ಇಲ್ಲ. ಇದೇ ಕಿಟಕಿಯ ಪಕ್ಕ ಕೂತು ಓದಿದವಳು ನಾನು!

ಕೌಂಟರಿನಲ್ಲಿದ್ದ ಹುಡುಗಿ ಎದ್ದು ಬಂದು, "ಪಿ, ಎಚ್ ಹಾಕಿ ನೋಡಿ ಮೇಡಂ" ಎಂದಳು. ಬಂತು. ಅವಳೇ ವಿವರಿಸಿದಳು: ಕಂಪ್ಯೂಟರು ಬಂದ ಹೊಸದರಲ್ಲಿ ಕನ್ನಡ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ತುಂಬಿದರಂತೆ, ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ. ಕಾರಂತರಿಗೆ ಒಂದು ಕಡೆ ಕೊನೆಗೆ 'ಎಚ್' ಉಂಟು, ಇನ್ನೊಂದು ಕಡೆ 'ಎ' ಉಂಟು. ಈಗ ಯೂನಿಕೋಡಿನಿಂದ ಕನ್ನಡದಲ್ಲೇ ತುಂಬಬಹುದು, ಆದರೆ ಹಳೆಯದನ್ನೆಲ್ಲ ತಿದ್ದಲು ಜನರಿಲ್ಲ. "ಕಂಪ್ಯೂಟರಾದ ಮೇಲೆ ಈ ಪ್ರತಿ ಒಮ್ಮೆಯೂ ಹೊರಗೆ ಹೋಗಿಲ್ಲ ಮೇಡಂ. ಯಾರೂ ಒಯ್ಯದ ಪುಸ್ತಕ ಕೊನೆಗೆ ತೆಗೆದುಹಾಕುವ ಪಟ್ಟಿಗೆ ಸೇರತ್ತೆ."

ಎದೆ ಧಸಕ್ಕೆಂದಿತು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂದು 1931ರಲ್ಲೇ ಸೂತ್ರ ಬರೆದ ಎಸ್.ಆರ್. ರಂಗನಾಥನ್ ಕೊನೆಗಾಲ ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಒಂದು ಅಕ್ಷರದ ದೆಸೆಯಿಂದ ಫಣಿಯಮ್ಮ ಮತ್ತೆ ಮೂಲೆ ಸೇರಿದ್ದಳು.

"ಇದಕ್ಕಿಂತ ಆ ಡ್ರಾಯರೇ ವಾಸಿ" ಎಂದು ಗೊಣಗಿದೆ. ಮಗಳು ಬಿಡಲಿಲ್ಲ. "ಐದೂವರೆ ಬಸ್ಸು ತಪ್ಪತ್ತೆ ಅಂತ ಅರ್ಧ ಓದಿ ಎದ್ದು ಬರ್ತಿದ್ದೆ ಅಂತ ನೀನೇ ಹೇಳ್ತಿದ್ದೆಯಲ್ಲಮ್ಮ? ನಾನು ರಾತ್ರಿ ಹತ್ತು ಗಂಟೆಗೆ ಮನೇಲಿ ಕೂತು ಶೋಧಗಂಗಾದಲ್ಲಿ ಎಲ್ಲೆಲ್ಲಿಯ ಪ್ರಬಂಧ ಓದ್ತೀನಿ." ನಿಜ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಆ ಭಂಡಾರಕ್ಕೆ ಬಾಗಿಲು ಮುಚ್ಚುವ ಗಂಟೆಯಿಲ್ಲ, ಕೊಡಬೇಕಾದ ಶುಲ್ಕವೂ ಇಲ್ಲ. ನನ್ನ ಕಾಲಕ್ಕೆ ಅದಿದ್ದಿದ್ದರೆ ಎಂ.ಎ.ಯ ಆಸೆ ಒಲೆಯ ಮುಂದೆ ಆರಿಹೋಗುತ್ತಿರಲಿಲ್ಲವೇನೋ.

ತಪ್ಪು ಯಂತ್ರದ್ದಲ್ಲ. ಅದಕ್ಕೆ ನಮ್ಮ ಅಕ್ಷರದಲ್ಲಿ ಹೆಸರು ಹೇಳಿಕೊಟ್ಟವರಿಲ್ಲ, ಅಷ್ಟೆ.

ಮಗಳ ಕಾರ್ಡಿನಲ್ಲಿ ಪುಸ್ತಕ ಪಡೆದೆವು. ಹೊರಡುವ ಮುಂಚೆ ಆ ಹುಡುಗಿಯನ್ನು ಕೇಳಿದೆ: "ನಾನು ಕನ್ನಡ ಟೀಚರಮ್ಮಾ. ಕಾದಂಬರಿಗಳ ಸಂಖ್ಯೆ, ಹೆಸರು ಕನ್ನಡದಲ್ಲಿ ಬರೆದುಕೊಟ್ಟರೆ ತುಂಬುತ್ತೀಯಾ?"

"ಬರೆದುಕೊಡಿ ಮೇಡಂ, ಬಿಡುವಾದಾಗ ತುಂಬ್ತೀನಿ" ಎಂದಳು.

ರಜೆ ಮುಗಿಯುವಷ್ಟರಲ್ಲಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅರ್ಧ ತುಂಬಿತ್ತು. ಮೊದಲ ಸಾಲಿನಲ್ಲಿ ಫಣಿಯಮ್ಮನನ್ನೇ ಬರೆದಿದ್ದೇನೆ.