ಕೆರೆಯ ಕಡೆಯ ಕಿಟಕಿ

ಗೌರಿಬಿದನೂರಿನಿಂದ ನಗರಗೆರೆಗೆ ಹೋಗುವ ಬಸ್ಸಿನಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮಾತು ತೆಲುಗು. ಆಂಧ್ರದ ಗಡಿಯು ಅಷ್ಟು ಸಮೀಪ. ಹಿಂದೆ ಕೋಲಾರ ಜಿಲ್ಲೆಯಲ್ಲಿದ್ದ ಈ ಹೋಬಳಿಯು ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ವರ್ಷವೆಲ್ಲ ಹರಿಯುವ ನದಿಯಿಲ್ಲದ ಈ ಸೀಮೆಗೆ ಕೆರೆಬಾವಿಗಳೇ ಜೀವಾಧಾರ. ಈ ಊರಂತೂ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿರುವುದು. ನನ್ನ ತಂದೆಯವರು ಹುಟ್ಟಿದ ಮನೆಯನ್ನು ನೋಡಿಬರಬೇಕೆಂದು ಕಳೆದ ಕಾರ್ತಿಕದಲ್ಲಿ ಅಲ್ಲಿಗೆ ಹೋಗಿದ್ದೆನು.

ಆ ಮನೆಯ ಹಿಂದಿನ ಕೋಣೆಯಲ್ಲಿ ಕೆರೆಯ ಕಡೆಗೆ ಒಂದು ಕಿಟಕಿಯುಂಟು. ನನ್ನ ಬಾಲ್ಯದಲ್ಲಿ ಅದು ತೆರೆದುದನ್ನು ನಾನು ಕಂಡಿಲ್ಲ. ಅಜ್ಜಿಯ ಚೊಚ್ಚಲ ಮಗನು, ಬದುಕಿದ್ದರೆ ನನಗೆ ದೊಡ್ಡಪ್ಪನಾಗಬೇಕಾಗಿದ್ದವನು, ೧೯೪೦ರ ಸುಮಾರಿಗೆ ನಾಲ್ಕು ವರ್ಷದವನಾಗಿದ್ದಾಗ ಚಳಿಜ್ವರದಿಂದ ತೀರಿಕೊಂಡನು. “ಸಂಜೆಯ ಕೆರೆಗಾಳಿಗೆ ಮಗೂನ ಮಲಗಿಸಿದವಳು ನಾನೇ ಕಣಪ್ಪಾ” ಎಂದು ಅಜ್ಜಿಯು ಮುಪ್ಪಿನಲ್ಲಿಯೂ ಹಲುಬುತ್ತಿದ್ದಳು. ಆ ಕಿಟಕಿಯನ್ನು ಮುಚ್ಚಿದವಳು ಅವಳೇ.

ಅವಳ ಎಣಿಕೆಯು ಲೋಕದ ಎಣಿಕೆಯೇ ಆಗಿದ್ದಿತು. ಇಟಲಿಯ ಭಾಷೆಯಲ್ಲಿ ‘ಮಲೇರಿಯಾ’ ಎಂದರೆ ಕೆಟ್ಟ ಗಾಳಿ. ನಮ್ಮ ಆಯುರ್ವೇದಾಚಾರ್ಯರು ಇಂತಹ ಜ್ವರಗಳನ್ನು ವಿಷಮಜ್ವರವೆಂದು ಕರೆದು, ಒಂದು ದಿನ ಬಿಟ್ಟು ಮರುಕಳಿಸುವುದನ್ನು ತೃತೀಯಕವೆಂದೂ ಎರಡು ದಿನ ಬಿಟ್ಟು ಬರುವುದನ್ನು ಚತುರ್ಥಕವೆಂದೂ ವಿಂಗಡಿಸಿದರು. ಜ್ವರದ ಗತಿಯು ತಿಳಿದಿದ್ದಿತು. ಅದನ್ನು ಹೊತ್ತು ತರುವವರಾರೆಂಬುದು ತಿಳಿದಿರಲಿಲ್ಲ.

ಅದನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಮಹಾಶಯರ ಕಥೆಯು ನಮ್ಮ ನಾಡಿಗೂ ಸೇರಿದುದು. ಆಲ್ಮೋರದಲ್ಲಿ ೧೮೫೭ರಲ್ಲಿ ಹುಟ್ಟಿದ ಈ ಸೈನ್ಯದ ವೈದ್ಯರು ೧೮೮೩ರಲ್ಲಿ ಬೆಂಗಳೂರಿಗೆ ಬಂದರು. ಬಂಗಲೆಯಲ್ಲಿ ಸೊಳ್ಳೆಯ ಕಾಟ ಹೇಳತೀರದು. ಕಿಟಕಿಯ ಬಳಿಯ ನೀರಿನ ಪೀಪಾಯಿಯನ್ನು ಇಣಿಕಿ ನೋಡಲು, ಅದರ ತುಂಬ ಸೊಳ್ಳೆಮರಿಗಳು! ನೀರನ್ನು ಚೆಲ್ಲಿಸಿದೊಡನೆ ಕಾಟವು ಕಡಮೆಯಾಯಿತು. ಆದರೆ ಸೊಳ್ಳೆಗೂ ಜ್ವರಕ್ಕೂ ನಂಟಿರುವುದು ಆಗ ಅವರಿಗೆ ತಿಳಿಯದು.

ಮಲೇರಿಯಾ ರೋಗಿಯ ರಕ್ತದಲ್ಲಿ ಸೂಕ್ಷ್ಮಜೀವಿಯಿರುವುದನ್ನು ಫ್ರಾನ್ಸಿನ ಲಾವೆರಾನರು ೧೮೮೦ರಲ್ಲಿಯೇ ಕಂಡಿದ್ದರು. ಅದನ್ನು ಸೊಳ್ಳೆಯಲ್ಲಿ ಹುಡುಕಬೇಕೆಂಬ ಸೂಚನೆಯನ್ನು ರಾಸರಿಗೆ ಕೊಟ್ಟವರು ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ನರು. ೧೮೯೫ರಲ್ಲಿ ಸಿಕಂದರಾಬಾದಿನಲ್ಲಿ ಹುಡುಕಾಟ ಮೊದಲಾಯಿತು. ಅದೇ ವರ್ಷ ಕಾಲರಾ ನಿವಾರಣೆಯ ಕೆಲಸಕ್ಕಾಗಿ ಅವರನ್ನು ಮತ್ತೆ ಬೆಂಗಳೂರಿಗೆ ಕಳುಹಿಸಿದರು. ೧೮೯೭ರಲ್ಲಿ ಉದಕಮಂಡಲದ ಕಡೆಗೆ ಹೋದಾಗ ಆ ಜ್ವರವು ಅವರನ್ನೇ ಹಿಡಿಯಿತು. ಆದರೂ ಅವರು ಬಿಡಲಿಲ್ಲ. ಸಿಕಂದರಾಬಾದಿಗೆ ಮರಳಿ, ಹುಸೇನ್ ಖಾನನೆಂಬ ರೋಗಿಗೆ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಕೊಟ್ಟು ಕಚ್ಚಿಸಿ, ಆ ಸೊಳ್ಳೆಗಳನ್ನು ಸೀಳಿ ನೋಡಿದರು. ಆಗಸ್ಟ್ ೨೦ರಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಆ ಜೀವಿಯು ಕಾಣಿಸಿತು. ಮರುವರ್ಷ ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾವನ್ನು ಪರೀಕ್ಷಿಸುತ್ತ, ಅದು ಸೊಳ್ಳೆಯ ಜೊಲ್ಲಿನ ಗ್ರಂಥಿಯನ್ನು ಸೇರಿ ಕಡಿತದಿಂದ ಹರಡುವುದನ್ನು ತೋರಿಸಿದರು. ಮನುಷ್ಯರಲ್ಲಿ ಇದನ್ನು ಹರಡುವುದು ಅನಾಫಿಲಿಸ್ ಜಾತಿಯ ಸೊಳ್ಳೆಯೆಂದು ಇಟಲಿಯ ಗ್ರಾಸಿಯವರು ಸಿದ್ಧಪಡಿಸಿದರು. ರಾಸರಿಗೆ ೧೯೦೨ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಆ ಆಗಸ್ಟಿಗೂ ನಮ್ಮ ಮನೆಯ ಮಗುವಿನ ಸಾವಿಗೂ ನಡುವೆ ನಲವತ್ತಕ್ಕೂ ಹೆಚ್ಚು ವರ್ಷಗಳು. ಆದರೂ ಆ ವಿಷಯವು ಅಜ್ಜಿಯ ಕಿವಿಗೆ ಬಿದ್ದಿರಲಿಲ್ಲ. ಸ್ವಾತಂತ್ರ್ಯದ ವೇಳೆಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಈ ರೋಗವು ತಗಲಿ, ಎಂಟು ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯವು ಮೊದಲಾದುದು ೧೯೫೩ರಲ್ಲಿ. ಆಮೇಲೆ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಸೊಳ್ಳೆಮರಿಗಳನ್ನು ತಿನ್ನುವ ಚಿಕ್ಕ ಮೀನುಗಳನ್ನು ಸಂಶೋಧಕರು ಬಾವಿಗಳಿಗೆ ಬಿಟ್ಟು ಪರೀಕ್ಷಿಸಿದ್ದಾರೆ.

ಸಂಜೆ ಹಿತ್ತಿಲಿಗೆ ಹೋದೆನು. ಬಚ್ಚಲಿನ ಪಕ್ಕದ ಡ್ರಮ್ಮಿನಲ್ಲಿ ಸೊಳ್ಳೆಮರಿಗಳು ತೇಲಿ ಮುಳುಗುತ್ತಿದ್ದವು. ಅದನ್ನು ಉರುಳಿಸಹೋದಾಗ ಚಿಕ್ಕಪ್ಪನ ಸೊಸೆಯು, “ಭಾವನವರೆ, ಗಿಡಕ್ಕೆಂದು ಹಿಡಿದಿಟ್ಟ ನೀರು!” ಎಂದಳು. ಬರದ ಸೀಮೆಯ ಹೆಣ್ಣುಮಗಳ ಸಂಕಟವು ನನಗೆ ಅರ್ಥವಾಯಿತು. ಆ ನೀರನ್ನು ಗಿಡಗಳ ಬುಡಕ್ಕೇ ಹೊಯ್ದು, ಡ್ರಮ್ಮನ್ನು ಉಜ್ಜಿ, ಇನ್ನು ಮುಂದೆ ಅದನ್ನು ಬಟ್ಟೆಯಿಂದ ಬಿಗಿದು ಮುಚ್ಚಬೇಕೆಂದೂ ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಬೇಕೆಂದೂ ಹೇಳಿದೆನು. ಡೆಂಗ್ಯೂ ಸೊಳ್ಳೆಗೂ ಇಂತಹ ನಿಂತ ನೀರೇ ತವರು. ಮಾರನೆಯ ದಿನ ಬಡಗಿಯನ್ನು ಕರೆಯಿಸಿ, ಆ ಕಿಟಕಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಹೊಡೆಯಿಸಿ ಬಾಗಿಲುಗಳನ್ನು ತೆರೆದೆವು. ಕೆರೆಯ ಗಾಳಿಯು ಒಳಗೆ ಬಂದಿತು. ಅದರಲ್ಲಿ ಯಾವ ದೋಷವೂ ಇರಲಿಲ್ಲ, ಅಜ್ಜಿಯಲ್ಲಿಯೂ ಇರಲಿಲ್ಲ. ಅದನ್ನು ಅವಳಿಗೆ ಹೇಳುವವರು ಆಗ ಯಾರೂ ಇರಲಿಲ್ಲ.