ದುರ್ಗದ ದಾರಿಯಲ್ಲಿ ಚಿಲ್ಲರೆಯ ಚಿಂತೆ

ಪರದೇಶದಲ್ಲಿ ನೆಲೆಸಿದ ಸೋದರಳಿಯನೊಡನೆ ಚಿತ್ರದುರ್ಗಕ್ಕೆ ಹೊರಟವನಿಗೆ ಬಿಸಿಲಿಗಿಂತ ಚಿಲ್ಲರೆಯ ಚಿಂತೆಯೇ ಹೆಚ್ಚು ಕಾಡುವುದೆಂದು ನನಗೆ ಹಿರಿಯೂರಿನಲ್ಲಿಯೇ ತಿಳಿಯಿತು. ಹೋಟೆಲಿನಲ್ಲಿ ತಿಂಡಿ ಮುಗಿಸಿದ ಹುಡುಗ, ಬಿಲ್ಲಿನ ಐದನೆಯ ಒಂದು ಪಾಲನ್ನು ಮಾಣಿಗೆಂದು ಲೆಕ್ಕಹಾಕತೊಡಗಿದ. ಅಮೆರಿಕದಲ್ಲಿ ಅದು ರೂಢಿ. ಬಡಿಸುವವರ ಸಂಪಾದನೆಯಲ್ಲಿ ದೊಡ್ಡ ಪಾಲು ಆ ಹಣವೇ. ಜಪಾನಿನಲ್ಲಾದರೋ ಭಕ್ಷೀಸು ಕೊಡುವ ಪದ್ಧತಿಯೇ ಇಲ್ಲ. "ಇಲ್ಲಿ ಎಷ್ಟು, ಮಾವ?" ಎಂದ. "ಮಿಕ್ಕ ಚಿಲ್ಲರೆ ಬಿಟ್ಟರಾಯಿತು" ಎಂದೆ.

1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವನ್ನು ನೋಡಿ, ಹೊಸದುರ್ಗವನ್ನು ದಾಟಿ, ಹೊಳಲ್ಕೆರೆಯ ಬಯಲು ಗಣಪನಿಗೆ ಕೈಮುಗಿದೆವು. ಮಂಗಳಾರತಿಯ ತಟ್ಟೆಗೆ ಎಷ್ಟು ಹಾಕಬೇಕೆಂದು ಯಾರೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ದುರ್ಗದಲ್ಲಿ ಮಾತ್ರ ಲೆಕ್ಕ ತಪ್ಪಿತು. ಕೋಟೆ ತೋರಿಸಲು ಬಂದ ಹಿರಿಯರನ್ನು ಕೂಲಿ ಎಷ್ಟೆಂದು ಕೇಳಿದಾಗ "ತಿಳಿದಷ್ಟು ಕೊಡಿ ಸ್ವಾಮಿ" ಎಂದರು. ನಾನೂ ಅಷ್ಟಕ್ಕೇ ಬಿಟ್ಟೆ. ಏಳು ಸುತ್ತುಗಳನ್ನೂ, ಓಬವ್ವನ ಕಿಂಡಿಯನ್ನೂ, ಟಂಕಸಾಲೆಯೆಂದು ಹೆಸರಾದ ಮಣ್ಣಿನ ಗೋಡೆಗಳನ್ನೂ ತೋರಿಸಿದರು. 1779ರಲ್ಲಿ ಕೋಟೆ ಹೈದರಾಲಿಯ ವಶವಾಗುವವರೆಗೆ ಇಲ್ಲಿ ಆಳಿದ ನಾಯಕರ ಚಿನ್ನದ ನಾಣ್ಯಕ್ಕೆ 'ದುರ್ಗಿ ವರಹ' ಎಂದೇ ಹೆಸರು. ಇಳಿದು ಬಂದಾಗ ಮೂರು ಗಂಟೆಯ ಬೆವರು ಅವರ ಬೆನ್ನಿನ ಮೇಲಿತ್ತು. ನಾನು ಜೇಬು ತಡಕುವ ಮೊದಲೇ ಹುಡುಗ ಅಭಿಮಾನದಿಂದ ಐದು ಡಾಲರಿನ ನೋಟನ್ನು ನೀಡಿದ. ಅವರು ಅದನ್ನು ಎರಡು ಮಗ್ಗುಲೂ ತಿರುಗಿಸಿ ನೋಡಿ, ಮೆಲ್ಲನೆ ಹಿಂದಿರುಗಿಸಿದರು. "ಇದನ್ನು ನಾನೆಲ್ಲಿ ಮುರಿಸಲಿ, ಸ್ವಾಮಿ? ಸಂಜೆಗೆ ಮನೆಗೆ ಅಕ್ಕಿ ಒಯ್ಯಬೇಕು." ಅವನ ಮುಖ ಕೆಂಪಾಯಿತು. ತಪ್ಪು ಅವನದಲ್ಲ, ಮೊದಲೇ ಮಾತಾಡಿಕೊಳ್ಳದ ನನ್ನದು. ಕೂಲಿಯನ್ನೂ ಅದರ ಮೇಲೆ ಸಂತೋಷದ ಹಣವನ್ನೂ ರೂಪಾಯಿಯಲ್ಲಿ ಕೊಟ್ಟು, ತಡವಾದುದಕ್ಕೆ ಕ್ಷಮೆ ಕೇಳಿದೆ.

ಅಲ್ಲಿಂದ ಚಂದ್ರವಳ್ಳಿಗೆ ಹೋದೆವು. 1929ರಲ್ಲಿ ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ವೀಲರ್ ಅವರೂ ಉತ್ಖನನ ನಡೆಸಿದ ಸ್ಥಳವಿದು. ಶಾತವಾಹನರ ಸೀಸದ ನಾಣ್ಯಗಳ ಜೊತೆಗೆ ರೋಮಿನ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ಈ ನೆಲದಲ್ಲಿ ದೊರೆತಿವೆ. "ಹಾಗಾದರೆ ಅವರ ಹಣ ಇಲ್ಲಿ ನಡೆಯಿತಲ್ಲ!" ಎಂದ ಹುಡುಗ. "ಅದು ಬೆಳ್ಳಿ, ತೂಗಿದರೂ ಬೆಲೆಯಿತ್ತು. ನಿನ್ನದು ಕಾಗದ" ಎಂದೆ.

ಪ್ರವಾಸ ಹೊರಡುವವರಿಗೆ ನನ್ನ ಮಾತು ಇಷ್ಟೇ: ಊರ ಹಣವನ್ನು ಸಣ್ಣ ನೋಟುಗಳಲ್ಲಿ ಇಟ್ಟುಕೊಳ್ಳಿ, ಕೂಲಿಯನ್ನು ಮೊದಲೇ ಗೊತ್ತುಮಾಡಿ, ಭಕ್ಷೀಸನ್ನು ಕೂಲಿಯ ಬದಲಿಗೆ ಕೊಡಬೇಡಿ, ಕೂಲಿಯ ಮೇಲೆ ಕೊಡಿ. ದುರ್ಗವಾದರೂ ಅಷ್ಟೇ, ಟೋಕಿಯೋ ಆದರೂ ಅಷ್ಟೇ, ಆ ಊರಿನ ರೂಢಿಯನ್ನು ಕೇಳಿ ತಿಳಿಯುವುದರಲ್ಲಿ ಯಾರ ಮಾನವೂ ಹೋಗದು. ಕೇಳದಿದ್ದರೆ ಹೋಗುವುದು ಇನ್ನೊಬ್ಬರ ಸಂಜೆಯ ಅನ್ನ.